ಬುಗ್ಗೆಯ ಕಲ್ಲೂ ಹೊಲದ ಸುಣ್ಣಕಲ್ಲೂ
(ರೈತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಗಡುಸು ನೀರನ್ನು ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಹಕ್ಕಳೆ ಕಟ್ಟುವುದನ್ನು ತಾವೆಲ್ಲರೂ ಬಲ್ಲಿರಿ. ಬುಗ್ಗೆಯ ಬಾಯಲ್ಲಿ ಇದೇ ಕಾರ್ಯವು ಸಾವಿರಾರು ವರ್ಷ ನಡೆದರೆ ಬಂಡೆಯೇ ಬೆಳೆಯುತ್ತದೆ. ಇದಕ್ಕೆ ಟ್ರಾವರ್ಟೈನ್ ಎಂದು ಹೆಸರು. ಇಟಲಿ ದೇಶದ ಟಿವೊಲಿಯ ಬಳಿ ಇದರ ದೊಡ್ಡ ಗಣಿಗಳುಂಟು. ರೋಮ್ ನಗರದ ಕೊಲೋಸಿಯಂ ಎಂಬ ಮಹಾಮಂದಿರದ ಹೊರಗೋಡೆಯನ್ನು ಕ್ರಿ.ಶ. 1ನೆಯ ಶತಮಾನದಲ್ಲಿ ಈ ಕಲ್ಲಿನಿಂದಲೇ ಕಟ್ಟಿದರು.

ಬೇರುಗಳೂ ಕೊಳೆಯುವ ತರಗೂ ಮಣ್ಣಿನೊಳಗೆ ಅಂಗಾರಾಮ್ಲವಾಯುವನ್ನು ಬಿಡುತ್ತವೆ. ಸೋಡಾ ಸೀಸೆಯನ್ನು ತೆರೆದಾಗ ಬುರುಗೇಳುವುದೂ ಇದೇ ವಾಯು. ಬಿಸಿನೀರಿನ ಬುಗ್ಗೆಗಳಿಗೆ ಇದು ಭೂಮಿಯ ಆಳದಿಂದಲೇ ಒದಗುವುದುಂಟು. ವಾಯು ಬೆರೆತ ನೀರು ಸುಣ್ಣಕಲ್ಲನ್ನು ಕರಗಿಸುತ್ತದೆ. ಹೊರಕ್ಕೆ ಬಂದೊಡನೆ ವಾಯುವು ಹಾರಿಹೋಗಿ ಸುಣ್ಣವು ಮತ್ತೆ ಕಲ್ಲಾಗಿ ಕೂರುತ್ತದೆ.

ಈ ಕಲ್ಲು ಶುದ್ಧವಾಗಿದ್ದರೆ 100 ಪಾಲಿನಲ್ಲಿ 56 ಪಾಲು ಸುಟ್ಟ ಸುಣ್ಣ, 44 ಪಾಲು ವಾಯು. ಗೂಡಿನಲ್ಲಿ ಸುಟ್ಟ ಕಲ್ಲು ಹಗುರವಾಗುವುದು ಇದರಿಂದಲೇ. ಸುಡುವವನು ಕದ್ದನೆಂದು ಜಗಳವಾಡುವುದಕ್ಕೆ ಕಾರಣವಿಲ್ಲ. ಇದರ ಹರಳುಗಳು ಕ್ಯಾಲ್ಸೈಟ್, ಅರಾಗನೈಟ್ ಎಂದು ಎರಡು ಬಗೆ. ಎರಡನೆಯದು ಬಿಸಿಬುಗ್ಗೆಗಳಲ್ಲಿ ಹುಟ್ಟಿ, ಕಾಲಕ್ರಮದಲ್ಲಿ ಮೊದಲನೆಯದಾಗಿ ಮಾರ್ಪಡುತ್ತದೆ. ಹಳದಿ ಕೆಂಪು ಛಾಯೆಗಳು ಕಬ್ಬಿಣದ ತುಕ್ಕಿನಿಂದ ಬಂದವು.

ನಮ್ಮ ಎರೆಭೂಮಿಯಲ್ಲಿ ಸಿಕ್ಕುವ ಸುಣ್ಣದ ಗಂಟುಗಳು, ಎಂದರೆ ಕಂಕರಗಳು, ಈ ಬುಗ್ಗೆಯ ಕಲ್ಲಿನ ದಾಯಾದಿಗಳು. ಇವುಗಳಲ್ಲಿಯೂ ಮುಖ್ಯವಸ್ತು ಅದೇ. ಆದರೆ ಜೇಡಿಯೂ ಮರಳೂ ಬಹಳವಾಗಿ ಸೇರಿರುತ್ತವೆ. ಎಷ್ಟು ಸೇರಿವೆಯೆಂಬುದನ್ನು ಅರಿಯದೆ ಗೂಡು ಹಚ್ಚಬಾರದು. ಪುಡಿಮಾಡಿದ ಕಲ್ಲಿನ ಮೇಲೆ ನಿಂಬೆಯ ರಸವನ್ನು ಹಿಂಡಿರಿ. ಗುಳ್ಳೆ ಎದ್ದರೆ ಸುಣ್ಣ ಉಂಟು. ಪ್ರಮಾಣ ತಿಳಿಯಬೇಕಾದರೆ 10 ತೊಲ ಪುಡಿಯನ್ನು ಗಾಜಿನ ಪಾತ್ರೆಯಲ್ಲಿಟ್ಟು, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಗುಳ್ಳೆ ನಿಲ್ಲುವವರೆಗೆ ಎರೆಯಬೇಕು. ಆಮ್ಲವು ಕೈಯನ್ನು ಸುಡುತ್ತದೆ, ಬಲ್ಲವರೇ ಮಾಡತಕ್ಕದ್ದು. ಉಳಿದ ಗಸಿಯನ್ನು ತೊಳೆದು ಒಣಗಿಸಿ ತೂಗಿದಾಗ 3 ತೊಲ ಬಂದರೆ, 100ಕ್ಕೆ 30 ಪಾಲು ಜೇಡಿ ಮರಳುಗಳೆಂದು ಲೆಕ್ಕ.

ಜೇಡಿ ಸೇರಿದ ಕಲ್ಲನ್ನು ಹಳಿಯಬೇಡಿ. ಅದರ ಸುಣ್ಣವು ನೀರಿನೊಳಗೂ ಗಟ್ಟಿಯಾಗುವ ಗುಣವುಳ್ಳದ್ದು. ತೂಬು, ಬಾವಿಯ ಕಟ್ಟೆಗಳಿಗೆ ಯೋಗ್ಯ. ಗೋಡೆಗೆ ಬಳಿಯುವುದಕ್ಕೆ ಮಾತ್ರ ಶುದ್ಧವಾದ ಬಿಳಿಯ ಕಲ್ಲೇ ಬೇಕು. ಮಲೆನಾಡಿನ ಹುಳಿಮಣ್ಣಿಗೆ ಸುಣ್ಣಕಲ್ಲಿನ ನಯವಾದ ಪುಡಿಯು ಹಿತಕರ. ಎರೆಹೊಲದಲ್ಲಿ ಕಂಕರವು ಕಣ್ಣಿಗೇ ಕಾಣುತ್ತಿರುವಾಗ ಹಣ ಕೊಟ್ಟು ಇನ್ನಷ್ಟು ಸುಣ್ಣವನ್ನು ಹರಡುವುದು ದಂಡ. ಸಂದೇಹವಿದ್ದಲ್ಲಿ ಹೊಲದ ನಾಲ್ಕಾರು ಕಡೆಗಳಿಂದ ಒಂದು ಗೇಣು ಆಳದವರೆಗಿನ ಮಣ್ಣನ್ನು ತೆಗೆದು, ಬೆರೆಸಿ, ಪರೀಕ್ಷೆಗೆ ಕಳುಹಿಸಿರಿ.