ಮಡಕೆ ಚೂರು ಹೇಳುವ ಚರಿತ್ರೆ



ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಎರಡು ಸಾವಿರ ವರ್ಷ ಹಿಂದಿನ ಮಾತೊಂದನ್ನು ಹೇಳುತ್ತೇನೆ.

1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಪದರ ಪದರವಾಗಿ ಮಡಕೆ ಚೂರುಗಳು ಸಿಕ್ಕವು. ಕಲ್ಗೋರಿಗಳ ಕಾಲದವು ಒಳಗೆ ಕಪ್ಪು, ಹೊರಗೆ ಕೆಂಪು. ಬೋರಲು ಹಾಕಿ ಸುಟ್ಟಾಗ ಗಾಳಿ ತಾಗದ ಒಳಭಾಗ ಕಪ್ಪಾಗುತ್ತದೆ ಎಂದು ವಿದ್ವಾಂಸರು ವಿವರಿಸುತ್ತಾರೆ. ಅದರ ಮೇಲಿನ ಪದರದಲ್ಲಿ ಕೆಂಪು ಮೈಗೆ ಬಿಳಿ ಗೆರೆಯ ಚಿತ್ತಾರ ಬರೆದ ಪಾತ್ರೆಗಳು; ಜೊತೆಗೆ, ಒಳತಳದಲ್ಲಿ ಚುಕ್ಕಿಸಾಲು ಸುತ್ತಿದ ತಟ್ಟೆಯ ಚೂರುಗಳು. ಇಂಥವೇ ತಟ್ಟೆಗಳು 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮನ್ ಸಾಮಗ್ರಿಯೊಂದಿಗೆ ಸಿಕ್ಕಿದ್ದವು. ರೋಮನ್ ವಸ್ತುಗಳ ಕಾಲ ಗೊತ್ತಿತ್ತು. ಹಾಗಾಗಿ ಬ್ರಹ್ಮಗಿರಿಯ ಆ ಪದರಕ್ಕೂ ಸುಮಾರು ಕ್ರಿ.ಶ. 1ನೇ ಶತಮಾನವೆಂದು ಕಾಲ ಗೊತ್ತುಮಾಡಲು ಆ ಚುಕ್ಕಿಗಳೇ ನೆರವಾದವು. ಒಳನಾಡಿನ ಊರಿಗೂ ಕರಾವಳಿಯ ಬಂದರಿಗೂ ನಂಟಿತ್ತೆಂಬುದೂ ತಿಳಿಯಿತು.

ಚೂರಿನಷ್ಟೇ ಅದು ಸಿಕ್ಕ ಪದರವೂ ಮುಖ್ಯ. ಮಣ್ಣು ಕದಡಿದರೆ ಸಾಕ್ಷಿ ಹೋಯಿತು. ಇಂದು ತೋಟಕ್ಕೆ, ರಸ್ತೆಗೆ ಜೆಸಿಬಿ ಗುಡ್ಡ ಕಡಿಯುತ್ತಿದೆ. ಚಿತ್ತಾರದ ಚೂರೋ ಕಲ್ಲುಚಪ್ಪಡಿಯ ಗೋರಿಯೋ ಕಂಡರೆ ನಿಧಿಯಾಸೆಗೆ ಅಗೆಯಬೇಡಿ. ಜಾಗ ಗುರುತಿಟ್ಟು, ಫೋಟೊ ತೆಗೆದು, ಮೇಷ್ಟ್ರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ನಮ್ಮ ಮಲೆನಾಡಿನ ಮಣ್ಣನ್ನು ಓದಬಲ್ಲವರು ಈ ಶಾಲೆಯಿಂದಲೇ ಬರಲಿ.