ಇಕ್ಕೇರಿಗೆ ಬಂದ ರೋಮಿನ ಯಾತ್ರಿಕ

ಇಲ್ಲಿ ಬೇಗೂರಿನಿಂದ ಸಂಜೆ ಹೊರಟು ರಾತ್ರಿ ಬಸ್ಸು ಹಿಡಿದರೆ ಬೆಳಗಾಗುವಷ್ಟರಲ್ಲಿ ಹೊನ್ನಾವರ ಸೇರಬಹುದು. ನಡುವಿನ ಘಟ್ಟವೆಲ್ಲ ನಿದ್ದೆಯಲ್ಲೇ ಕಳೆದುಹೋಗುತ್ತದೆ. ಅದೇ ಘಟ್ಟವನ್ನು 1623ರಲ್ಲಿ ಹೊನ್ನಾವರದ ಕಡೆಯಿಂದ ಹತ್ತಿ ಬಂದವನೊಬ್ಬನ ಬಗ್ಗೆ ಇವತ್ತು ನಿಮಗೆ ಹೇಳಬೇಕು. ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ, ಊರು ರೋಮ್.

ಅವನು ವ್ಯಾಪಾರಿಯಲ್ಲ, ಪಾದ್ರಿಯೂ ಅಲ್ಲ. ಲೋಕ ನೋಡಬೇಕೆಂದು 1614ರಲ್ಲಿ ವೆನಿಸ್‌ನಲ್ಲಿ ಹಡಗು ಹತ್ತಿದವನು. ಇಸ್ತಾಂಬುಲ್, ಈಜಿಪ್ಟ್, ಜೆರುಸಲೇಮ್ ಸುತ್ತಿ ಬಾಗ್ದಾದಿಗೆ ಬಂದು, ಅಲ್ಲಿ ಮಆನಿ ಎಂಬಾಕೆಯನ್ನು ಮದುವೆಯಾದ. ಬೆಟ್ಟದ ಮೇಲಿನ ಮಾರ್ದಿನ್ ನಗರದಲ್ಲಿ ಹುಟ್ಟಿದ ಹೆಣ್ಣುಮಗಳು ಆಕೆ. ಗಂಡಹೆಂಡಿರಿಬ್ಬರೂ ಬೆಟ್ಟಸಾಲು ದಾಟಿ ಪರ್ಷಿಯಾದ ಇಸ್ಫಹಾನಿಗೆ ಹೋದರು. ಕೆಲವು ವರ್ಷಗಳ ಮೇಲೆ ಭಾರತಕ್ಕೆ ಹೋಗೋಣವೆಂದು ಹೋರ್ಮುಜ್ ಕಡೆಯ ಕಡಲತೀರಕ್ಕೆ ಇಳಿದರು. ಬಿಸಿಲು ಕಾಯ್ದ ಮರುಭೂಮಿಯ ಕರಾವಳಿ ಅದು. ಅಲ್ಲಿ ಪರ್ಷಿಯನ್ನರಿಗೂ ಪೋರ್ಚುಗೀಸರಿಗೂ ಯುದ್ಧ ನಡೆದಿತ್ತು, ಮುಂದಿನ ದಾರಿ ಕಟ್ಟಿತ್ತು. ಕಾಯುತ್ತಿರುವಾಗಲೇ, 1621ರ ಡಿಸೆಂಬರಿನಲ್ಲಿ, ಮಿನಾಬ್ ಎಂಬಲ್ಲಿ ಜ್ವರ ಬಂದು ಮಆನಿ ತೀರಿಕೊಂಡಳು. ಹೆಂಡತಿಯನ್ನು ಪರದೇಶದ ಮಣ್ಣಿಗೆ ಕೊಡಲು ಅವನಿಗೆ ಮನಸ್ಸು ಬರಲಿಲ್ಲ. ದೇಹ ಕೆಡದಂತೆ ಕರ್ಪೂರ ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು, ಜೊತೆಗೇ ಹೊರಟ. ಕೊನೆಗೆ 1627ರಲ್ಲಿ ರೋಮಿನಲ್ಲೇ ಮಣ್ಣು ಮಾಡಿದ.

ಇಂಥ ಸಂಕಟ ಹೊತ್ತವನು ಸೂರತ್, ಗೋವಾ ದಾಟಿ ನಮ್ಮ ನಾಡಿಗೆ ಬಂದ. ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಪೋರ್ಚುಗೀಸರ ರಾಯಭಾರಿ ಹೊರಟಿದ್ದ, ಇವನೂ ಜೊತೆಗೂಡಿದ. ಹೊನ್ನಾವರದಿಂದ ಶರಾವತಿಯಲ್ಲಿ ದೋಣಿ ಏರಿ ಗೇರುಸೊಪ್ಪೆ. ರಾಣಿಯರು ಆಳಿದ ಆ ಕಾಳುಮೆಣಸಿನ ಪಟ್ಟಣ ಆಗಲೇ ಹಾಳುಬಿದ್ದು ಮರಗಿಡ ಬೆಳೆದಿತ್ತು. ಅಲ್ಲಿಂದ ಮೇಲಕ್ಕೆ ಕಾಡಿನ ಏರುದಾರಿ.

ಈ ದಾರಿಯಲ್ಲೊಂದು ಕಡೆ ಸಾಮಾನಿನ ಹೊರೆ ಕಟ್ಟುವುದು ತಡವಾಯಿತು. ಅವನು ದೇವಸ್ಥಾನದ ಜಗಲಿಯಲ್ಲಿ ಕೂತ. ಅಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ತುಂಬ ನುಣ್ಣನೆಯ ಮರಳು. ಒಬ್ಬ ರಾಗವಾಗಿ ಪಾಠ ಹೇಳುತ್ತ, ಹೇಳಿದ್ದನ್ನು ಬೆರಳಿನಿಂದ ಮರಳಿನಲ್ಲಿ ಬರೆಯುವುದು. ಮಿಕ್ಕವರು ಅದನ್ನೇ ಹಾಡಿ, ಬರೆಯುವುದು. ಮರಳು ತುಂಬಿದರೆ ಅಳಿಸಿ, ಮತ್ತೆ ಹರಡುವುದು. ಮೇಷ್ಟ್ರು ಇಲ್ಲದಾಗ ಮರೆತರೆ ಏನು ಮಾಡುತ್ತೀರಿ ಎಂದು ಅವನು ಕೇಳಿದ. ನಾಲ್ವರೂ ಒಂದೇ ಭಾಗವನ್ನು ಮರೆಯುವುದು ಸಾಧ್ಯವೇ ಇಲ್ಲ ಎಂದರು ಹುಡುಗರು! ನಾನೂರು ವರ್ಷದ ಹಿಂದಿನ ನಮ್ಮ ಮಕ್ಕಳ ಓದು ಹೇಗಿತ್ತೆಂಬುದು ಇಷ್ಟು ಕಣ್ಣಿಗೆ ಕಟ್ಟುವಂತೆ ಸಿಗುವುದು ಅಪರೂಪ. ಹೊರೆಗಳು ಹೊತ್ತಿಗೆ ಸರಿಯಾಗಿ ಸಿದ್ಧವಾಗಿದ್ದರೆ ಅದೂ ಸಿಗುತ್ತಿರಲಿಲ್ಲ.

ಇಕ್ಕೇರಿಯ ಬೀದಿಯಲ್ಲಿ ಹುಡುಗಿಯರು ಬಣ್ಣದ ಕೋಲು ಬಡಿಯುತ್ತ ಕುಣಿಯುವುದನ್ನೂ ಅವನು ನಿಂತು ನೋಡಿ ಬರೆದಿದ್ದಾನೆ. ಆಮೇಲೆ ಕರಾವಳಿಗೆ ಇಳಿದು ಉಳ್ಳಾಲದ ರಾಣಿಯನ್ನು ಕಾಣಲು ಹೋದ. ಆಕೆ ಸಿಕ್ಕಿದ್ದು ಅರಮನೆಯಲ್ಲಲ್ಲ, ದಾರಿಯಲ್ಲಿ. ಗದ್ದೆಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆ ನೋಡಲು ಬರಿಗಾಲಲ್ಲಿ ನಡೆದು ಬರುತ್ತಿದ್ದಳು. ತಲೆಯ ಮೇಲೆ ಓಲೆಯ ಕೊಡೆ ಹಿಡಿದಿದ್ದರು. ರಾಣಿ ಎಂದರೆ ಹೀಗಿರಬೇಕು ಎಂದು ನನಗೆ ಓದಿದಾಗಲೆಲ್ಲ ಅನ್ನಿಸುತ್ತದೆ.

ಈ ದಾರಿ ನಮಗೆ ದೂರವೇನಲ್ಲ. ಬೆಂಗಳೂರಿನಿಂದ ತಾಳಗುಪ್ಪದ ರೈಲಿದೆ. ಸಾಗರದಲ್ಲಿ ಇಳಿದು, ಹತ್ತಿರದ ಇಕ್ಕೇರಿಯಲ್ಲಿ ಅಘೋರೇಶ್ವರ ದೇವಸ್ಥಾನ ನೋಡಿ. ಮರುದಿನ ಹಗಲು ಹೊತ್ತಿನ ಬಸ್ಸಿನಲ್ಲೇ ಘಟ್ಟ ಇಳಿಯಿರಿ, ಕಿಟಕಿ ಪಕ್ಕ ಕೂತು. ಗೇರುಸೊಪ್ಪೆಯಲ್ಲಿ ಹಳೆಯ ಪಟ್ಟಣದ ಚತುರ್ಮುಖ ಬಸದಿ ಕಾಡಿನ ನಡುವೆ ಇವತ್ತೂ ನಿಂತಿದೆ. ಅದಕ್ಕೊಂದು ಅರ್ಧ ದಿನ ಇಟ್ಟುಕೊಳ್ಳಿ. ಹೊನ್ನಾವರಕ್ಕೆ ಸಂಜೆ ಹೋದರೂ ಆದೀತು.