ಆಟಿ ತಿಂಗಳ ನಿರೀಕ್ಷೆ

ಕಡಬದ ಕೃಷಿಕನಿಗೆ ಮಳೆಗಾಲದ ಲೆಕ್ಕವೆಂದರೆ ಬೋರ್ಡೋ ದ್ರಾವಣದ ಲೆಕ್ಕ. ಮೊದಲ ಸಿಂಪಡಣೆ ಆಗಿ ಸುಮಾರು 45 ದಿನಕ್ಕೆ ಎರಡನೆಯದು. ತಪ್ಪಿದರೆ ಅಡಿಕೆಗೆ ಕೊಳೆರೋಗ. ಈ ಸಲ ನಮ್ಮ ಮನೆಯಲ್ಲಿ ಇನ್ನೊಂದು ಲೆಕ್ಕ ಸೇರಿದೆ. ಆಶಾ ಕಾರ್ಯಕರ್ತೆ ತಂದ ತಾಯಿ ಕಾರ್ಡು ಪಂಚಾಂಗದ ಪಕ್ಕದಲ್ಲಿ ತೂಗುತ್ತಿದೆ. ನನ್ನ ಹೆಂಡತಿಗೆ ದಿನ ತುಂಬುವುದು ಆಟಿಯಲ್ಲಿ.

ಕಬ್ಬಿಣದ ಮಾತ್ರೆಯೊಡನೆ ಚಹಾ ಕೂಡದು, ಕಬ್ಬಿಣ ಮೈಗೆ ಹತ್ತುವುದಿಲ್ಲವೆಂದು ದಾದಿ ಹೇಳಿದ್ದರು. ಊಟದ ಮೇಲಿನ ಚಹಾವನ್ನು ನಾನೂ ಬಿಟ್ಟೆ. ತ್ಯಾಗವೇನಲ್ಲ, ಆ ವಾಸನೆಗೇ ಅವಳಿಗೆ ಓಕರಿಕೆ. ಈಗ ಇಬ್ಬರಿಗೂ ನಿಂಬೆಯ ಪಾನಕ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ರೂಢಿ. ಅವಳ ತವರು ಘಟ್ಟದ ಬುಡದಲ್ಲಿ, ಎರಡು ತೋಡುಗಳ ಆಚೆ. ಹೊಸ್ಮಠದ ಹಳೆಯ ಮುಳುಗುಸೇತುವೆಯನ್ನು ಕಂಡವರು ನಮ್ಮ ಹಿರಿಯರು. ಗುಂಡ್ಯ ಹೊಳೆ ಉಕ್ಕಿದಾಗ ಉಪ್ಪಿನಂಗಡಿಯ ದಾರಿಯೇ ಕಡಿದುಹೋಗುತ್ತಿತ್ತು. ಈಗ ಅಲ್ಲಿ ಎತ್ತರದ ಸೇತುವೆಯಿದೆ. ಆದರೂ ಮಳೆ ಜೋರಾದರೆ ಅಮ್ಮ ಮೊದಲು ಕೇಳುವುದು ಹೊಳೆಯ ಸುದ್ದಿಯನ್ನೇ.

ಹೆರಿಗೆಯವರೆಗೆ ಇಲ್ಲೇ ಇರುತ್ತೇನೆ, ಬಾಣಂತನಕ್ಕೆ ತವರಿಗೆ ಹೋಗುತ್ತೇನೆ ಎಂದು ಅವಳೇ ತೀರ್ಮಾನಿಸಿದಳು. ಅತ್ತೆಯವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಾವೇ ಗಂಟು ಕಟ್ಟಿಕೊಂಡು ಬಂದರು. ರೂಢಿಗೆ ಇಷ್ಟಾದರೂ ಬಾಗುವ ಗುಣವಿರಬೇಕೆಂದೇ ನನ್ನ ಎಣಿಕೆ.

ನಮ್ಮ ರಾಜ್ಯದಲ್ಲಿ 2008ರಲ್ಲಿ ಆರಂಭವಾದ 108ರ ವಾಹನ ರಸ್ತೆಯವರೆಗೆ ಬರುತ್ತದೆ. ಅಲ್ಲಿಂದ ಅಂಗಳಕ್ಕೆ ಪಾಚಿಗಟ್ಟಿದ ಇಳಿಜಾರು. ಮೆಟ್ಟಿಲಿಗೆಂದು ಕೆಂಪುಕಲ್ಲು ತರಿಸಿದ್ದೇನೆ. ಇನ್ನು ಐದು ಕಲ್ಲು ಕೂರಿಸುವುದು ಬಾಕಿ. ಮಳೆ ಬಿಟ್ಟರೆ ನಾಳೆಯೇ.